ಏಳು ವರ್ಷಗಳ ಅಂತರ: ತೈಪೆಯ ಸನ್‌ಸೆಟ್ ರೋಲರ್‌ಕೋಸ್ಟರ್ ಬ್ಯಾಂಡ್ ಬೆಳೆದ ಬಗೆ

ತೈವಾನಿನ ರಾಜಧಾನಿ ತೈಪೆಯಲ್ಲಿ 2009ರಲ್ಲಿ ಆರಂಭವಾದ ಸನ್‌ಸೆಟ್ ರೋಲರ್‌ಕೋಸ್ಟರ್ ಎಂಬ ಬ್ಯಾಂಡ್ ತನ್ನ ಮೊದಲ ಆಲ್ಬಮನ್ನು 2011ರಲ್ಲಿಯೂ ಎರಡನೆಯದನ್ನು 2018ರಲ್ಲಿಯೂ ಹೊರತಂದಿತು. ಜನಪ್ರಿಯ ಸಂಗೀತದ ಲೋಕದಲ್ಲಿ ಏಳು ವರ್ಷವೆಂದರೆ ಕೇಳುಗರ ಒಂದು ತಲೆಮಾರೇ ಬದಲಾಗಿಬಿಡುವಷ್ಟು ಕಾಲ. ಇಷ್ಟು ದೀರ್ಘ ಅಂತರದ ಬಳಿಕ ಮರಳಿ ಬಂದ ಬ್ಯಾಂಡ್‌ಗಳನ್ನು ಸಾಮಾನ್ಯವಾಗಿ ಹಳೆಯ ಅಭಿಮಾನಿಗಳು ಮಾತ್ರ ಸ್ವಾಗತಿಸುತ್ತಾರೆ. ಇವರ ವಿಷಯದಲ್ಲಿ ಆದದ್ದು ಬೇರೆ. ಮೊದಲ ಆಲ್ಬಮ್ಮಿನ ಹೊತ್ತಿಗೆ ತೈಪೆಯ ಸಣ್ಣ ಸಭಾಂಗಣಗಳಲ್ಲಷ್ಟೇ ಹೆಸರಾಗಿದ್ದ ಈ ತಂಡ, ಮರಳಿದ ಮೇಲೆ ಸೋಲ್, ಟೋಕಿಯೊ, ಬ್ಯಾಂಕಾಕ್‌ಗಳಲ್ಲಿ ಮನೆಮಾತಾಗಿ, 2023ರ ಏಪ್ರಿಲ್‌ನಲ್ಲಿ ಅಮೆರಿಕದ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆಯನ್ನೂ ಏರಿತು. ನನ್ನ ಅಭಿಪ್ರಾಯದಲ್ಲಿ ಈ ಬ್ಯಾಂಡಿನ ನಿಜವಾದ ಕಥೆ ಅಡಗಿರುವುದು ಆ ಏಳು ವರ್ಷಗಳ ನಡುವಿನ ಅವಧಿಯಲ್ಲಿ. ಅದನ್ನು ತಿಳಿಯಬೇಕಾದರೆ ತೈವಾನಿನ ಸಂಗೀತೋದ್ಯಮದ ಸ್ವರೂಪವನ್ನು ಸ್ವಲ್ಪ ನೋಡಿಕೊಳ್ಳಬೇಕಾಗುತ್ತದೆ.

ಸುಮಾರು 2.3 ಕೋಟಿ ಜನಸಂಖ್ಯೆಯ ತೈವಾನ್, ತನ್ನ ಗಾತ್ರಕ್ಕೆ ಹೋಲಿಸಿದರೆ ಚೀನೀ ಭಾಷೆಯ ಜನಪ್ರಿಯ ಸಂಗೀತದಲ್ಲಿ ಬಹಳ ದೊಡ್ಡ ಸ್ಥಾನವನ್ನು ಪಡೆದಿದೆ. 1987ರ ಜುಲೈನಲ್ಲಿ ಸೇನಾ ಕಾನೂನು ರದ್ದಾಗುವವರೆಗೆ ಅಲ್ಲಿ ಹಾಡುಗಳ ಮೇಲೆ ಸರ್ಕಾರದ ಕತ್ತರಿ ಆಡುತ್ತಿತ್ತಾದರೂ, ಆ ಅವಧಿಯಲ್ಲೇ ತೈಪೆ ಮ್ಯಾಂಡರಿನ್ ಗೀತೆಗಳ ತವರಾಗಿ ಬೆಳೆದಿತ್ತು. ತೊಂಬತ್ತರ ದಶಕದ ವೇಳೆಗೆ ತೈಪೆಯಲ್ಲಿ ಧ್ವನಿಮುದ್ರಣಗೊಂಡ ಹಾಡುಗಳು ಹಾಂಗ್‌ಕಾಂಗ್, ಸಿಂಗಪುರ, ಮಲೇಷ್ಯಾ, ಚೀನಾಗಳಲ್ಲೆಲ್ಲ ಮಾರಾಟವಾಗುತ್ತಿದ್ದವು. ಮ್ಯಾಂಡೋಪಾಪ್ ಎಂದು ಕರೆಸಿಕೊಳ್ಳುವ ಈ ಉದ್ಯಮದ ಜೀವಾಳ ಏಕಗಾಯಕರು ಹಾಡುವ ಭಾವಗೀತೆಯಂಥ ನಿಧಾನಗತಿಯ ಹಾಡುಗಳು. ಗೀತರಚನೆಕಾರರು ಬರೆಯುತ್ತಾರೆ, ದೊಡ್ಡ ಕಂಪನಿ ತಾರೆಯನ್ನು ಆರಿಸುತ್ತದೆ, ಟಿವಿ ಧಾರಾವಾಹಿ ಅದನ್ನು ಮನೆಮನೆಗೆ ತಲುಪಿಸುತ್ತದೆ, ಜನ ಗೆಳೆಯರೊಂದಿಗೆ ಕ್ಯಾರಿಯೋಕೆ ಕೊಠಡಿಗಳಲ್ಲಿ ಕುಳಿತು ಅದನ್ನು ತಾವೇ ಹಾಡಿಕೊಳ್ಳುತ್ತಾರೆ.

ಈ ವ್ಯವಸ್ಥೆಯ ಹೊರಗೆ, ತಮ್ಮ ಹಾಡನ್ನು ತಾವೇ ಬರೆದು, ತಾವೇ ನುಡಿಸಿ, ಖರ್ಚನ್ನೂ ಬಹುಪಾಲು ತಾವೇ ಹೊರುವವರನ್ನು ಇಂಡಿ ಕಲಾವಿದರು ಎನ್ನುತ್ತಾರೆ. ಚಲನಚಿತ್ರದ ಹಾಡೇ ಜನಪ್ರಿಯ ಸಂಗೀತವಾಗಿರುವ ನಾಡಿನಿಂದ ನೋಡುವವರಿಗೆ, ಚಿತ್ರರಂಗಕ್ಕೆ ಸೇರದೆ ತಮ್ಮದೇ ರಚನೆಗಳನ್ನು ನುಡಿಸುವ ತಂಡಗಳ ಸ್ಥಿತಿಯನ್ನು ನೆನೆದರೆ ಇದರ ಕಷ್ಟ ಬೇಗ ಅರ್ಥವಾದೀತು. ತೈವಾನಿನಲ್ಲಿ ಇಂಥವರಿಗೆ ಆಸರೆಯಾದದ್ದು ಲೈವ್‌ಹೌಸ್‌ಗಳು, ಅಂದರೆ ಕೆಲವು ನೂರು ಜನ ನಿಂತು ಕೇಳುವ ಸಣ್ಣ ಸಭಾಂಗಣಗಳು. ಶಿದಾ ಪ್ರದೇಶದಲ್ಲಿ 1996ರಿಂದ ನಡೆಯುತ್ತಿದ್ದ ‘ಅಂಡರ್‌ವರ್ಲ್ಡ್’, ಗೊಂಗ್‌ಗುವಾನ್‌ನ ನೆಲಮಾಳಿಗೆಯಲ್ಲಿ 2003ರಲ್ಲಿ ಬಾಗಿಲು ತೆರೆದ ‘ದ ವಾಲ್’, ಹಳೆಯ ಮದ್ಯದ ಕಾರ್ಖಾನೆಯೊಂದು ಕಲಾಕೇಂದ್ರವಾಗಿ ಮಾರ್ಪಟ್ಟ ಹುವಾಶಾನ್ ಆವರಣದಲ್ಲಿ 2009ರಲ್ಲಿ ಶುರುವಾದ ‘ಲೆಗಸಿ’ ಇವುಗಳಲ್ಲಿ ಮುಖ್ಯವಾದವು. ಇವುಗಳ ಜೊತೆಗೆ ದ್ವೀಪದ ದಕ್ಷಿಣ ತುದಿಯ ಕೆಂಟಿಂಗ್‌ನಲ್ಲಿ 1995ರಿಂದ, ಕಾವೊಹ್ಸಿಯುಂಗ್ ಬಂದರಿನಲ್ಲಿ 2006ರಿಂದ ಸಂಗೀತೋತ್ಸವಗಳು ನಡೆದು ಬಂದಿವೆ. ಹೊಸ ತಂಡಗಳು ತಮ್ಮ ಹಾಡುಗಳನ್ನು ನೇರವಾಗಿ ಏರಿಸಬಹುದಾದ ‘ಸ್ಟ್ರೀಟ್‌ವಾಯ್ಸ್’ ಎಂಬ ಜಾಲತಾಣವೂ 2006ರಲ್ಲೇ ಬಂತು. ಸರ್ಕಾರ ಇಂಡಿ ತಂಡಗಳ ಧ್ವನಿಮುದ್ರಣಕ್ಕೆ ಅನುದಾನ ಕೊಡುವ ಪದ್ಧತಿಯೂ ಇದೆ. 2012ರಲ್ಲಿ ಸಂಸ್ಕೃತಿ ಸಚಿವಾಲಯ ಸ್ಥಾಪನೆಯಾದ ಮೇಲೆ ಆ ಹೊಣೆ ಅದಕ್ಕೆ ಸೇರಿತು. ಇಷ್ಟು ಪುಟ್ಟ ದ್ವೀಪದಲ್ಲಿ ಇಷ್ಟೆಲ್ಲ ಕವಲುಗಳು ಒಂದಕ್ಕೊಂದು ಹತ್ತಿರವಿದ್ದುದರಿಂದಲೇ, ಒಂದು ತಂಡ ಸೋತರೂ ಅದರ ಸದಸ್ಯರು ಸಂಗೀತವನ್ನು ಬಿಡದೆ ಮತ್ತೊಂದು ತಂಡದಲ್ಲಿ ಮುಂದುವರಿಯುವುದು ಸಾಧ್ಯವಾಯಿತು. ಸನ್‌ಸೆಟ್ ರೋಲರ್‌ಕೋಸ್ಟರ್ ವಿಷಯದಲ್ಲಿ ಆದದ್ದು ಹೆಚ್ಚು ಕಡಿಮೆ ಇದೇ.

ತಂಡದ ಗಾಯಕ, ಗಿಟಾರ್ ವಾದಕ ಮತ್ತು ಮುಖ್ಯ ರಚನೆಕಾರ ತ್ಸೆಂಗ್ ಕುವೊ-ಹುಂಗ್. ಅಭಿಮಾನಿಗಳು ಅವರನ್ನು ಕುವೊಕುವೊ ಎಂದೇ ಕರೆಯುತ್ತಾರೆ. ಡ್ರಮ್ಸ್ ನುಡಿಸುವ ಲೊ ತ್ಸುನ್-ಲುಂಗ್ ಮೊದಲಿನಿಂದಲೂ ಅವರ ಜೊತೆಗಿದ್ದವರು. 2011ರ ಚೊಚ್ಚಲ ಆಲ್ಬಮ್ಮಿಗೆ ‘ಬೊಸ್ಸಾ ನೋವಾ’ ಎಂಬ ಹೆಸರಿಟ್ಟಿದ್ದರೂ ಬ್ರೆಜಿಲ್ ದೇಶದ ಆ ಹೆಸರಿನ ಸಂಗೀತ ಶೈಲಿಗೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಅದು ಗಿಟಾರ್ ಮುಂದಿರುವ, ಒರಟು ಅಂಚುಗಳ, ಅರವತ್ತರ ದಶಕದ ರಾಕ್ ಸಂಗೀತವನ್ನು ನೆನಪಿಸುವ ಆಲ್ಬಮ್. ಅದಕ್ಕೆ ತೈಪೆಯ ಇಂಡಿ ವಲಯದಲ್ಲಿ ಒಳ್ಳೆಯ ಹೆಸರು ಬಂತು. ಆದರೆ ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲವಷ್ಟೆ. ಕೆಲವೇ ಸಭಾಂಗಣಗಳಿರುವ ಒಂದು ದ್ವೀಪದಲ್ಲಿ ಅದೇ ಶ್ರೋತೃಗಳ ಮುಂದೆ ಅದೇ ಹಾಡುಗಳನ್ನು ಎಷ್ಟು ಸಲ ನುಡಿಸಲು ಸಾಧ್ಯ? ತಂಡದ ಚಟುವಟಿಕೆ ಮುಂದಿನ ದಿನಗಳಲ್ಲಿ ನಿಂತುಹೋಯಿತು.

ನಿಂತದ್ದು ಬ್ಯಾಂಡ್ ಮಾತ್ರ. ಅದರ ಸದಸ್ಯರು ಸುಮ್ಮನೆ ಕೂರಲಿಲ್ಲ. ಕುವೊ ಮತ್ತು ಲೊ ಇಬ್ಬರೂ ‘ಫಾರೆಸ್ಟ್ಸ್’ ಎಂಬ ಮೂವರ ತಂಡದಲ್ಲಿ ನುಡಿಸಿದರು. ಅದರ ಸಂಗೀತ ಗದ್ದಲವನ್ನೇ ಸಾಮಗ್ರಿಯಾಗಿ ಬಳಸುವ, ಪ್ರಯೋಗಶೀಲವಾದ ರಾಕ್. ಆ ಹಾಡುಗಳನ್ನು ಕೇಳಿದವರಿಗೆ, ಇದೇ ಕೈಗಳು ಕೆಲವು ವರ್ಷಗಳಲ್ಲಿ ಅಷ್ಟು ಮೃದುವಾದ ಸಂಗೀತವನ್ನು ಮಾಡುತ್ತವೆ ಎಂದು ಊಹಿಸುವುದೇ ಕಷ್ಟ. ಅದೇ ಕಾಲದಲ್ಲಿ ತೈಪೆಯ ಸಂಗೀತದ ವಾತಾವರಣವೂ ಬದಲಾಗುತ್ತಿತ್ತು: ನೆರೆಹೊರೆಯವರ ದೂರುಗಳು, ಕಟ್ಟಡ ಮತ್ತು ಅಗ್ನಿಸುರಕ್ಷೆಯ ನಿಯಮಗಳ ಇಕ್ಕಟ್ಟುಗಳ ನಡುವೆ ಸಿಲುಕಿದ ‘ಅಂಡರ್‌ವರ್ಲ್ಡ್’ 2013ರಲ್ಲಿ ಶಾಶ್ವತವಾಗಿ ಮುಚ್ಚಿತು. ಹೊಸ ತಂಡಗಳು ಮೊದಲ ಬಾರಿಗೆ ಜನರ ಮುಂದೆ ನಿಲ್ಲುವ ಜಾಗವೊಂದು ಹೀಗೆ ಕಳೆದುಹೋದಾಗ, ಕೇಳುಗರನ್ನು ಬೇರೆಡೆ ಹುಡುಕಬೇಕೆಂಬ ಒತ್ತಡ ಆ ವಲಯದವರಿಗೆಲ್ಲ ಬಂದಿದ್ದರೆ ಆಶ್ಚರ್ಯವಿಲ್ಲ.

2016ರಲ್ಲಿ ‘ಜಿಂಜಿ ಕಿಕ್ಕೊ’ ಎಂಬ ಸಣ್ಣ ಸಂಕಲನದೊಂದಿಗೆ ಸನ್‌ಸೆಟ್ ರೋಲರ್‌ಕೋಸ್ಟರ್ ಮರಳಿತು. ಅದರಲ್ಲಿದ್ದದ್ದು ‘ಬರ್ಗಂಡಿ ರೆಡ್’, ‘ಮೈ ಜಿಂಜಿ’, ‘ನ್ಯೂ ಡ್ರಗ್’ ಎಂಬ ಮೂರು ಹಾಡುಗಳು. ಈ ಮೂರೇ ಹಾಡುಗಳು ತಂಡದ ಮುಂದಿನ ದಿಕ್ಕನ್ನು ನಿರ್ಧರಿಸಿದವು. ಮರಳಿದ ಹೊತ್ತಿನಲ್ಲಿ ಮತ್ತು ಅದರ ಸುತ್ತಮುತ್ತ ಬೇಸ್ ವಾದಕ ಚೆನ್ ಹುಂಗ್-ಲಿ, ಕೀಬೋರ್ಡ್ ನುಡಿಸುವ ವಾಂಗ್ ಶಾವೊ-ಹ್ಸುವಾನ್, ಸ್ಯಾಕ್ಸೊಫೋನ್ ನುಡಿಸುವ ಹುವಾಂಗ್ ಹಾವೊ-ಟಿಂಗ್ ತಂಡದ ಭಾಗವಾದರು. ಗಿಟಾರ್ ಹಿಂದೆ ಸರಿದು ಸಿಂಥಸೈಜರ್ ಮುಂದೆ ಬಂತು. ಈ ಬದಲಾವಣೆಯನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಸಿಂಥ್-ಪಾಪ್ ಎಂಬ ಹಣೆಪಟ್ಟಿ ಇವರಿಗೆ ಅಂಟಿಕೊಂಡದ್ದು ಇಲ್ಲಿಂದಲೇ.

ಸಿಂಥಸೈಜರ್ ಎಂದರೆ ವಿದ್ಯುತ್ ಸಂಕೇತದಿಂದ ನಾದವನ್ನು ಹುಟ್ಟಿಸುವ ವಾದ್ಯ. ಸಾಮಾನ್ಯ ಬಗೆಯದರಲ್ಲಿ ಮೊದಲು ಒಂದು ಮೂಲ ತರಂಗವನ್ನು ಉತ್ಪಾದಿಸಿ, ಆಮೇಲೆ ಸೋಸುವ ಭಾಗವೊಂದರ ಮೂಲಕ ಹಾಯಿಸಿ ಅದರ ಚೂಪಾದ ಅಂಶಗಳನ್ನು ತೆಗೆದು, ನಾದ ಎಷ್ಟು ಬೇಗ ಏರಬೇಕು, ಎಷ್ಟು ನಿಧಾನವಾಗಿ ಇಳಿಯಬೇಕು ಎಂಬುದನ್ನೂ ನುಡಿಸುವವರೇ ನಿಗದಿಪಡಿಸುತ್ತಾರೆ. ಎಂಬತ್ತರ ದಶಕದ ಆರಂಭದಲ್ಲಿ ಜಪಾನಿನ ಕಂಪನಿಗಳು ಈ ವಾದ್ಯವನ್ನು ಮಧ್ಯಮ ವರ್ಗದ ಸಂಗೀತಗಾರರ ಕೈಗೆಟಕುವ ಬೆಲೆಗೆ ತಂದವು. 1983ರಲ್ಲಿ ಬಂದ ಯಮಹಾ ಡಿಎಕ್ಸ್7 ಅವುಗಳಲ್ಲಿ ಅತ್ಯಂತ ಪ್ರಸಿದ್ಧ. ಆ ದಶಕದ ಪಾಪ್ ಗೀತೆಗಳಲ್ಲಿ ಕೇಳಿಬರುವ ಗಾಜಿನಂತೆ ಹೊಳೆಯುವ ಪಿಯಾನೊ ನಾದ ಬಹುಮಟ್ಟಿಗೆ ಅದರ ಕೊಡುಗೆ. ಸಿಂಥ್-ಪಾಪ್ ಎಂದೊಡನೆ ಯಂತ್ರದ ತಾಳ, ತಣ್ಣನೆಯ ದನಿ, ಕುಣಿತದ ಗತಿ ನೆನಪಾಗುತ್ತದೆ. ಸನ್‌ಸೆಟ್ ರೋಲರ್‌ಕೋಸ್ಟರ್ ಈ ವಾದ್ಯದಿಂದ ತೆಗೆದುಕೊಂಡದ್ದು ಅದರ ಇನ್ನೊಂದು ಗುಣವನ್ನು: ನಿಧಾನವಾಗಿ ಏರಿ ನಿಧಾನವಾಗಿ ಕರಗುವ, ಹಿನ್ನೆಲೆಯನ್ನೆಲ್ಲ ತುಂಬುವ ಬೆಚ್ಚನೆಯ ನಾದವನ್ನು.

ಆ ಮೃದುತ್ವದ ಎರಡನೆಯ ಕಾರಣ ಸ್ವರಸಂಯೋಜನೆ. ಪಾಶ್ಚಾತ್ಯ ಸಂಗೀತದ ಸರಳವಾದ ಸ್ವರಮೇಳದಲ್ಲಿ ಒಟ್ಟಿಗೆ ನುಡಿಯುವುದು ಮೂರು ಸ್ವರಗಳು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಅಂತರ ಗಾಂಧಾರ, ಪಂಚಮ. ಇದರ ಮೇಲೆ ಕಾಕಲಿ ನಿಷಾದವನ್ನೂ ಸೇರಿಸಿದರೆ ಮೇಜರ್ ಸೆವೆಂತ್ ಎಂಬ ಸ್ವರಮೇಳ ಹುಟ್ಟುತ್ತದೆ. ತಾರಸ್ಥಾಯಿಯ ಷಡ್ಜಕ್ಕೆ ಇನ್ನೇನು ಮುಟ್ಟಬೇಕು ಎನ್ನುವಷ್ಟು ಸಮೀಪದಲ್ಲಿ ನಿಷಾದ ನಿಂತುಬಿಡುವುದರಿಂದ, ಹಾಡು ಎಲ್ಲಿಯೂ ಗಟ್ಟಿಯಾಗಿ ನೆಲೆಯೂರಿದಂತೆ ಅನಿಸುವುದಿಲ್ಲ. ಹಂಬಲವೂ ನೆಮ್ಮದಿಯೂ ಒಟ್ಟಿಗೇ ಇದ್ದಂತೆ ಕೇಳಿಸುತ್ತದೆ. ಜಾಝ್, ಬೊಸ್ಸಾ ನೋವಾ ಮತ್ತು ಎಪ್ಪತ್ತರ ದಶಕದ ಅಮೆರಿಕದ ಸಾಫ್ಟ್ ರಾಕ್ ಈ ಬಗೆಯ ಸ್ವರಮೇಳಗಳನ್ನು ಧಾರಾಳವಾಗಿ ಬಳಸಿವೆ, ಇವರೂ ಬಳಸುತ್ತಾರೆ. ಇದರ ಮೇಲೆ ಸ್ಯಾಕ್ಸೊಫೋನ್. ಕದ್ರಿ ಗೋಪಾಲನಾಥರಿಂದಾಗಿ ಆ ವಾದ್ಯವನ್ನು ಗಮಕಗಳೊಂದಿಗೆ ಕೇಳಿ ಬೆಳೆದ ಕನ್ನಡಿಗರಿಗೆ ಇಲ್ಲಿಯ ಸ್ಯಾಕ್ಸೊಫೋನ್ ತೀರ ಬೇರೆಯದಾಗಿ ಕೇಳಿಸುತ್ತದೆ: ಇದು ಗಾಯಕನ ಮಾತು ಮುಗಿದ ಮೇಲೆ ಆ ಭಾವವನ್ನೇ ಮುಂದುವರಿಸುವ ಎರಡನೆಯ ಕಂಠ. ಸುಮಾರು ಆರು ನಿಮಿಷಗಳ ‘ಮೈ ಜಿಂಜಿ’ಯಲ್ಲಿ ಸಾಹಿತ್ಯ ಬಹಳ ಕಡಿಮೆ, ಹಾಡಿನ ಭಾರವನ್ನೆಲ್ಲ ವಾದ್ಯಗಳೇ ಹೊರುತ್ತವೆ, ಮತ್ತು ಅವಸರವೇ ಇಲ್ಲದೆ ಹೊರುತ್ತವೆ. ‘ಫಾರೆಸ್ಟ್ಸ್’ನಲ್ಲಿ ಗದ್ದಲದೊಂದಿಗೆ ಕಳೆದ ಕಾಲ ವ್ಯರ್ಥವಾಗಲಿಲ್ಲ ಎಂದು ನನಗೆ ಅನಿಸುವುದು ಇಲ್ಲಿಯೇ. ನಾದದ ಒಡಲನ್ನು, ಅದರ ದಪ್ಪ ತೆಳುವುಗಳನ್ನು ಗಮನಿಸಿ ಕೇಳುವ ಅಭ್ಯಾಸ ಗದ್ದಲದ ಸಂಗೀತಕ್ಕೆ ಎಷ್ಟು ಬೇಕೋ ಮೃದುವಾದ ಸಂಗೀತಕ್ಕೂ ಅಷ್ಟೇ ಬೇಕು.

ಈ ಮರಳುವಿಕೆಗೆ ಕಾಲವೂ ಕೂಡಿಬಂತು. ಎಂಬತ್ತರ ದಶಕದಲ್ಲಿ ಜಪಾನಿನ ಆರ್ಥಿಕ ಸಮೃದ್ಧಿಯ ಹೊತ್ತಿನಲ್ಲಿ ಅರಳಿದ್ದ ‘ಸಿಟಿ ಪಾಪ್’ ಎಂಬ ನಗರ ಸಂಗೀತ, ಹಲವು ದಶಕಗಳ ಮರೆವಿನ ನಂತರ ಯೂಟ್ಯೂಬ್‌ನ ಶಿಫಾರಸುಗಳ ಮೂಲಕ ಜಗತ್ತಿನಾದ್ಯಂತ ಎಳೆಯರ ಕಿವಿಗೆ ಬೀಳತೊಡಗಿತು. ಮಾರಿಯಾ ತಾಕೆವುಚಿ ಅವರ 1984ರ ‘ಪ್ಲಾಸ್ಟಿಕ್ ಲವ್’ ಹಾಡು 2017ರಲ್ಲಿ ಯೂಟ್ಯೂಬ್‌ಗೆ ಏರಿ ಕೋಟಿಗಟ್ಟಲೆ ಜನರನ್ನು ತಲುಪಿದ್ದು ಇದರ ಪ್ರಸಿದ್ಧ ಉದಾಹರಣೆ. ಅದನ್ನು ಕೇಳಿದವರಿಗೆ ಯೂಟ್ಯೂಬ್‌ನ ಅದೇ ಶಿಫಾರಸು ವ್ಯವಸ್ಥೆ, ಅದೇ ಬಗೆಯ ಬೆಚ್ಚನೆಯ ಸಿಂಥ್ ಮತ್ತು ಸ್ಯಾಕ್ಸೊಫೋನ್ ಇರುವ ತೈಪೆಯ ಹಾಡುಗಳನ್ನೂ ಮುಂದಿಟ್ಟಿತು. ಇವರು ಆ ಅಲೆಯ ಹಿಂದೆ ಓಡಿದರೆಂದು ಹೇಳುವವರಿದ್ದಾರೆ. ತಾರೀಖುಗಳು ಆ ಮಾತನ್ನು ಒಪ್ಪುವುದಿಲ್ಲ. ಅಲೆ ದೊಡ್ಡದಾಗುವುದಕ್ಕೆ ಮೊದಲೇ, 2016ರಲ್ಲಿ, ‘ಜಿಂಜಿ ಕಿಕ್ಕೊ’ ಹೊರಬಂದಿತ್ತು. ತೈವಾನ್ 1895ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿದ್ದ ದ್ವೀಪವೆಂಬುದನ್ನೂ, ಆಮೇಲೆಯೂ ಜಪಾನಿ ರಾಗಗಳು ಅಲ್ಲಿನ ಗೀತೆಗಳೊಳಗೆ ಹರಿಯುತ್ತಲೇ ಇದ್ದವೆಂಬುದನ್ನೂ ಗಮನಿಸಿದರೆ, ತೈಪೆಯ ತಂಡವೊಂದಕ್ಕೆ ಈ ನಾದ ಪರಕೀಯವೂ ಆಗಿರಲಿಲ್ಲ.

2018ರಲ್ಲಿ ಬಂದ ಎರಡನೆಯ ಆಲ್ಬಮ್ ‘ಕಸ್ಸಾ ನೋವಾ’ ಈ ಹೊಸ ಶೈಲಿಯನ್ನು ಇಡೀ ಆಲ್ಬಮ್ಮಿನ ಅಳತೆಗೆ ಹಿಗ್ಗಿಸಿತು. ಅದಕ್ಕಿಂತ ಮುಖ್ಯವಾದದ್ದು ಅದರೊಂದಿಗೆ ಶುರುವಾದ ಪ್ರವಾಸಗಳು. ಸ್ಟ್ರೀಮಿಂಗ್‌ನಿಂದ ಒಂದೊಂದು ಕೇಳುವಿಕೆಗೆ ಬರುವ ಹಣ ಪೈಸೆಗಳ ಲೆಕ್ಕದ್ದು. ಇಂಡಿ ತಂಡವೊಂದು ಬದುಕುವುದು ಕಛೇರಿಗಳ ಟಿಕೆಟ್ಟು, ಅಲ್ಲಿ ಮಾರಾಟವಾಗುವ ಟೀ ಶರ್ಟು ಮತ್ತು ವಿನೈಲ್ ತಟ್ಟೆಗಳಿಂದ. ಆದರೆ ಸ್ಟ್ರೀಮಿಂಗ್ ಇನ್ನೊಂದು ಉಪಕಾರವನ್ನು ಮಾಡುತ್ತದೆ. ಯಾವ ನಗರದಲ್ಲಿ ಎಷ್ಟು ಜನ ನಮ್ಮ ಹಾಡನ್ನು ಕೇಳುತ್ತಿದ್ದಾರೆ ಎಂಬ ಮಾಹಿತಿ ಕಲಾವಿದರಿಗೇ ಸಿಗುವುದರಿಂದ, ಸಾವಿರಾರು ಕಿಲೋಮೀಟರ್ ದೂರದ ಊರಿನಲ್ಲಿ ಒಂದು ಸಣ್ಣ ಸಭಾಂಗಣವನ್ನು ಧೈರ್ಯವಾಗಿ ಗೊತ್ತುಮಾಡಿಕೊಳ್ಳಬಹುದು. ದ್ವೀಪದೊಳಗಿನ ಕೆಲವೇ ಸಭಾಂಗಣಗಳಲ್ಲಿ ದಾರಿ ಮುಗಿದು ನಿಂತಿದ್ದ ತಂಡಕ್ಕೆ ಇದು ಹೊಸ ದಾರಿಯಾಯಿತು: ಏಷ್ಯಾದ ನಗರಗಳು, ಆಮೇಲೆ ಅಮೆರಿಕ ಮತ್ತು ಯುರೋಪ್. ಹಾಡುಗಳ ಪ್ರಕಟಣೆಯನ್ನು ಸ್ವಂತ ಸಂಸ್ಥೆಯಾದ ಸನ್‌ಸೆಟ್ ಮ್ಯೂಸಿಕ್ ಪ್ರೊಡಕ್ಷನ್ಸ್ ಮೂಲಕವೇ ನಡೆಸಿದ್ದರಿಂದ, ಯಾವಾಗ ಏನನ್ನು ಹೊರತರಬೇಕು, ಎಲ್ಲಿಗೆ ಹೋಗಬೇಕು ಎಂಬ ತೀರ್ಮಾನ ತಂಡದ ಕೈಯಲ್ಲೇ ಉಳಿಯಿತು.

ಇಲ್ಲಿ ಭಾಷೆಯ ಪ್ರಶ್ನೆಯನ್ನು ಎತ್ತಲೇಬೇಕು, ಏಕೆಂದರೆ ಸನ್‌ಸೆಟ್ ರೋಲರ್‌ಕೋಸ್ಟರ್ ಹಾಡುವುದು ಬಹುಪಾಲು ಇಂಗ್ಲಿಷಿನಲ್ಲಿ. ಮ್ಯಾಂಡೋಪಾಪ್ ಸಾಹಿತ್ಯಪ್ರಧಾನವಾದ ಪರಂಪರೆ. ಸಾಲುಗಳು ಬಾಯಿಪಾಠವಾಗಿ ಕ್ಯಾರಿಯೋಕೆ ಕೊಠಡಿಯಲ್ಲಿ ಹಾಡಿಸಿಕೊಂಡಾಗಲೇ ಅಲ್ಲಿ ಒಂದು ಹಾಡು ಗೆದ್ದಿತೆಂದು ಲೆಕ್ಕ. ಇಂಗ್ಲಿಷಿನಲ್ಲಿ ಹಾಡಲು ಹೊರಟವರು ಆ ಮಾರುಕಟ್ಟೆಯ ಬಹುಭಾಗವನ್ನು ಮೊದಲೇ ಬಿಟ್ಟುಕೊಡುತ್ತಾರೆ. 1990ರಿಂದ ನಡೆಯುತ್ತಿರುವ ತೈವಾನಿನ ಗೋಲ್ಡನ್ ಮೆಲೊಡಿ ಪ್ರಶಸ್ತಿಯಲ್ಲಿ ಅತ್ಯುತ್ತಮ ಆಲ್ಬಮ್ಮಿಗೆ ಮ್ಯಾಂಡರಿನ್, ತೈವಾನೀಸ್, ಹಕ್ಕ ಮತ್ತು ಮೂಲನಿವಾಸಿಗಳ ಭಾಷೆಗಳೆಂಬ ವಿಭಾಗಗಳಿವೆ. ಇಂಗ್ಲಿಷ್ ಆಲ್ಬಮ್ಮಿಗೆ ಅಂಥ ವಿಭಾಗವಿಲ್ಲ. ಅದೇ ಹೊತ್ತಿಗೆ, ಸೋಲ್, ಜಕಾರ್ತ, ಮನಿಲಾಗಳ ಕೇಳುಗರಿಗೆ ಮ್ಯಾಂಡರಿನ್ ಹಾಡಿಗಿಂತ ಸರಳ ಇಂಗ್ಲಿಷಿನ ಹಾಡು ಹತ್ತಿರವಾಯಿತು ಎಂಬುದೂ ನಿಜ. ಇವರ ಇಂಗ್ಲಿಷ್ ಸಾಹಿತ್ಯ ಕಾವ್ಯವಾಗಿ ಎತ್ತರದ್ದೆಂದು ನಾನು ಹೇಳಲಾರೆ. ಕೆಲವೇ ಪದಗಳು, ಪ್ರೀತಿ ಮತ್ತು ಇರುಳಿನ ಸುತ್ತ ಮರಳಿ ಮರಳಿ ಬರುವ ಸಾಲುಗಳು. ತಾಯ್ನುಡಿಯ ಸೂಕ್ಷ್ಮಗಳನ್ನು ಬಿಟ್ಟುಕೊಟ್ಟದ್ದು ನಷ್ಟವೇ. ಆದರೆ ಅವರಿಗೆ ಸಾಹಿತ್ಯ ಬೇಕಾಗಿರುವುದು ಇನ್ನೊಂದು ವಾದ್ಯದಂತೆ, ದನಿಯ ಬಣ್ಣಕ್ಕಾಗಿ. ಆ ಉದ್ದೇಶಕ್ಕೆ ಆ ಸಾಲುಗಳು ಸಾಕಾಗುತ್ತವೆ.

ಮೂರನೆಯ ಆಲ್ಬಮ್ ‘ಸಾಫ್ಟ್ ಸ್ಟಾರ್ಮ್’ ಬಂದದ್ದು 2020ರಲ್ಲಿ, ಕೋವಿಡ್ ಜಗತ್ತಿನ ಸಭಾಂಗಣಗಳನ್ನೆಲ್ಲ ಮುಚ್ಚಿಸಿದ್ದ ವರ್ಷದಲ್ಲಿ. ಪ್ರವಾಸವನ್ನೇ ನಂಬಿದ್ದ ತಂಡಕ್ಕೆ ಅದು ದೊಡ್ಡ ಪೆಟ್ಟಾಗಬೇಕಿತ್ತು. ತೈವಾನ್ ತನ್ನ ಗಡಿಗಳನ್ನು ಬೇಗನೆ ಮುಚ್ಚಿ ರೋಗವನ್ನು ಹತೋಟಿಯಲ್ಲಿಟ್ಟಿದ್ದರಿಂದ ದ್ವೀಪದೊಳಗೆ ಆ ವರ್ಷದ ಬೇಸಿಗೆಯಲ್ಲೇ ಕಛೇರಿಗಳು ಮರಳಿ ಆರಂಭವಾದವು. 2021ರ ಮೇ ತಿಂಗಳಲ್ಲಿ ಸೋಂಕು ಹಬ್ಬಿದಾಗ ಮಾತ್ರ ಅಲ್ಲಿಯೂ ಎಲ್ಲ ನಿಂತಿತು. ಆಲ್ಬಮ್ ಹೊರಬರುವುದಕ್ಕೆ ಕೆಲವು ತಿಂಗಳು ಮೊದಲು ದಕ್ಷಿಣ ಕೊರಿಯಾದ ಹ್ಯುಕೋ ತಂಡದ ಗಾಯಕ ಓ ಹ್ಯುಕ್ ಜೊತೆ ಹಾಡಿದ ‘ಕ್ಯಾಂಡಲ್‌ಲೈಟ್’ ಬಂದಿತ್ತು. ಆಗ ಅದು ಒಂದು ಹಾಡಿನ ಸ್ನೇಹದಂತೆ ಕಂಡಿತು. ಅದು ಅಷ್ಟಕ್ಕೇ ಮುಗಿಯಲಿಲ್ಲ.

ಕ್ಯಾಲಿಫೋರ್ನಿಯಾದ ಇಂಡಿಯೊ ಎಂಬ ಮರುಭೂಮಿಯ ಊರಿನಲ್ಲಿ 1999ರಿಂದ ನಡೆಯುವ ಕೋಚೆಲ್ಲಾ, ಎರಡು ವಾರಾಂತ್ಯಗಳಲ್ಲಿ ಅದೇ ಪಟ್ಟಿಯ ಕಲಾವಿದರನ್ನು ಎರಡು ಬಾರಿ ವೇದಿಕೆಗೆ ತರುವ ಉತ್ಸವ. ಸನ್‌ಸೆಟ್ ರೋಲರ್‌ಕೋಸ್ಟರ್ ಪಾಲ್ಗೊಂಡ 2023ರ ಸಾಲಿನಲ್ಲೇ ಕೊರಿಯಾದ ಬ್ಲ್ಯಾಕ್‌ಪಿಂಕ್ ಆ ಉತ್ಸವದ ಮುಖ್ಯ ಆಕರ್ಷಣೆಯಾಗಿ ಹಾಡಿದ ಮೊದಲ ಏಷ್ಯನ್ ತಂಡವಾಯಿತು. ಇವೆರಡನ್ನೂ ಒಂದೇ ಏಷ್ಯನ್ ಅಲೆಯೆಂದು ಬರೆದವರುಂಟು. ನನಗೆ ಆ ಜೋಡಣೆ ಸರಿಯೆನಿಸುವುದಿಲ್ಲ. ಬ್ಲ್ಯಾಕ್‌ಪಿಂಕ್ ಹಿಂದೆ ವರ್ಷಗಳ ತರಬೇತಿ, ನೃತ್ಯ ಸಂಯೋಜನೆ, ದೊಡ್ಡ ಬಂಡವಾಳದ ಕಂಪನಿ ಇದೆ. ತೈಪೆಯವರು ಅಲ್ಲಿಗೆ ತಲುಪಿದ್ದು ಸಣ್ಣ ಸಭಾಂಗಣಗಳಿಂದ ದೊಡ್ಡವುಗಳಿಗೆ ಒಂದೊಂದೇ ಮೆಟ್ಟಿಲು ಹತ್ತಿ.

2024ರ ಜುಲೈನಲ್ಲಿ ಹ್ಯುಕೋ ಮತ್ತು ಸನ್‌ಸೆಟ್ ರೋಲರ್‌ಕೋಸ್ಟರ್ ಎರಡೂ ಸೇರಿ ‘ಎಎಎ’ ಎಂಬ ಆಲ್ಬಮನ್ನು ಹೊರತಂದವು. 2014ರಲ್ಲಿ ಸೋಲ್‌ನಲ್ಲಿ ಹುಟ್ಟಿ ಮರುವರ್ಷವೇ ಟಿವಿ ಕಾರ್ಯಕ್ರಮವೊಂದರಿಂದ ಇಡೀ ಕೊರಿಯಾಕ್ಕೆ ಪರಿಚಿತವಾದ ಹ್ಯುಕೋಗೆ ಇದು 2020ರ ಜನವರಿಯ ನಂತರದ ಮೊದಲ ಸಂಕಲನ. ಒಬ್ಬ ಅತಿಥಿ ಗಾಯಕನನ್ನು ಕರೆದು ಒಂದು ಹಾಡು ಹಾಡಿಸುವುದು ಎಲ್ಲ ಕಡೆಯೂ ಇರುವ ರೂಢಿ. ಎರಡು ದೇಶಗಳ ಎರಡು ಪೂರ್ಣ ತಂಡಗಳು, ಇಬ್ಬರು ಬೇಸ್ ವಾದಕರು, ಇಬ್ಬರು ಡ್ರಮ್ಸ್ ವಾದಕರನ್ನು ಇಟ್ಟುಕೊಂಡೇ ಒಂದು ತಂಡದಂತೆ ಆಲ್ಬಮ್ ಮಾಡಿ, ಆಮೇಲೆ ಒಟ್ಟಾಗಿ ಏಷ್ಯಾದ ನಗರಗಳಲ್ಲಿ ಪ್ರವಾಸ ಮಾಡುವುದು ಅಪರೂಪ. ‘ಯಂಗ್ ಮ್ಯಾನ್’ ಮುಂತಾದ ಹಾಡುಗಳಲ್ಲಿ ಹ್ಯುಕೋ ಗಿಟಾರಿನ ಒರಟುತನವನ್ನೂ ತೈಪೆಯವರ ಸಿಂಥ್ ಮೆದುತನವನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು. ‘ಬೊಸ್ಸಾ ನೋವಾ’ ಕಾಲದ ಗಿಟಾರ್ ರಾಕ್ ಇಲ್ಲಿ ಮತ್ತೆ ಸ್ವಲ್ಪ ತಲೆ ಎತ್ತಿದ್ದನ್ನು ಹಳೆಯ ಕೇಳುಗರು ಗಮನಿಸಿಯಾರು. ಏಷ್ಯಾದ ಒಂದು ತಂಡ ಮೇಲೇರಬೇಕಾದರೆ ಅಮೆರಿಕದ ಕದ ತಟ್ಟಲೇಬೇಕೆಂಬ ಹಳೆಯ ಲೆಕ್ಕಾಚಾರಕ್ಕೆ ಹೊರತಾಗಿ, ಸೋಲ್ ಮತ್ತು ತೈಪೆ ಪರಸ್ಪರರ ಕೇಳುಗರನ್ನೇ ಹಂಚಿಕೊಂಡ ಪ್ರಯತ್ನವಿದು. ಅದಕ್ಕಾಗಿಯೇ ಅದನ್ನು ನಾನು ಕೋಚೆಲ್ಲಾಗಿಂತ ದೊಡ್ಡ ಘಟ್ಟವೆಂದು ಎಣಿಸುತ್ತೇನೆ.

ಇವರನ್ನು ಹೊಸದಾಗಿ ಕೇಳಬಯಸುವವರು ಕಾಲಾನುಕ್ರಮವನ್ನು ಹಿಡಿಯುವುದು ಬೇಡ. ಮೊದಲು ‘ಮೈ ಜಿಂಜಿ’ಯನ್ನು ಒಳ್ಳೆಯ ಹೆಡ್‌ಫೋನಿನಲ್ಲಿ, ನಡುವೆ ನಿಲ್ಲಿಸದೆ ಕೇಳಿ, ಬೇಸ್ ಗಿಟಾರಿನ ನಡೆಗೆ ವಿಶೇಷವಾಗಿ ಕಿವಿಗೊಟ್ಟರೆ ತಂಡದ ಗುಣ ಹಿಡಿತಕ್ಕೆ ಸಿಗುತ್ತದೆ. ಬಳಿಕ ‘ಕಸ್ಸಾ ನೋವಾ’ ಮತ್ತು ‘ಸಾಫ್ಟ್ ಸ್ಟಾರ್ಮ್’ಗಳನ್ನು ಇಡಿಯಾಗಿ ಕೇಳಬಹುದು, ಎರಡರಲ್ಲಿ ಎರಡನೆಯದು ಹೆಚ್ಚು ಮಾಗಿದ್ದು, ಮೊದಲನೆಯದು ಹೆಚ್ಚು ಲವಲವಿಕೆಯದು. ‘ಎಎಎ’ ಆಲ್ಬಮ್ಮಿಗೆ ಕೈಹಾಕುವ ಮುನ್ನ ಹ್ಯುಕೋ ತಂಡದ ಒಂದೆರಡು ಹಾಡುಗಳನ್ನು ಕೇಳಿಕೊಂಡರೆ ಯಾರ ಪಾಲು ಯಾವುದೆಂದು ಬಿಡಿಸಿಕೊಳ್ಳುವುದು ಸುಲಭ. 2011ರ ‘ಬೊಸ್ಸಾ ನೋವಾ’ವನ್ನು ಕೊನೆಗೆ ಇಟ್ಟುಕೊಳ್ಳುವುದು ಮೇಲು, ಮುಂದಿನದನ್ನೆಲ್ಲ ಕೇಳಿದ ಕಿವಿಗೆ ಆ ಒರಟು ಗಿಟಾರ್‌ಗಳ ನಡುವೆ ಅಲ್ಲಲ್ಲಿ ಸುಳಿಯುವ ನಿಧಾನಗತಿಯ ರಾಗಗಳು ಆಗ ಬೇರೆಯೇ ಆಗಿ ಕೇಳಿಸುತ್ತವೆ.